ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು

ನಾನು ಅಂಜುಬುರುಕಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಓದಿ ಇವಳಿಗೇನು ತಲೆ ಕೆಟ್ಟಿದೆಯೇ ಅಂದೀರಿ. ಸಿಂದಗಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಹತ್ತನೆಯ ತರಗತಿಯ ಪುಂಡರು ನನ್ನ ಚಪ್ಪಲಿಯ ಸಪ್ಪಳಕ್ಕೇ ಸುಮ್ಮನಾಗುತ್ತಾರೆ. ಆದರೆ ಮನೆಯವರು ಮುದ್ದೇಬಿಹಾಳದ ತಮ್ಮೂರಿಗೆ ಹೋದವರು ಬರುವುದು ತುಸು ತಡವಾದರೆ ಸಾಕು, ನನ್ನ ಕೈಕಾಲು ತಣ್ಣಗಾಗುತ್ತವೆ. ಬಸ್ಸು ಉರುಳಿರುತ್ತದೆ, ಲಾರಿ ಗುದ್ದಿರುತ್ತದೆ, ಫೋನು ಎತ್ತಲಿಲ್ಲವೆಂದರೆ ಎತ್ತುವ ಸ್ಥಿತಿಯಲ್ಲೇ ಇರುವುದಿಲ್ಲ. ಅವರು ಬಾಗಿಲಲ್ಲಿ ಚಪ್ಪಲಿ ಕಳಚುವ ಹೊತ್ತಿಗೆ ನಾನು ಮನಸ್ಸಿನಲ್ಲೇ ಅವರ ಮಣ್ಣು ಮಾಡಿ ಮುಗಿಸಿರುತ್ತೇನೆ. ನನ್ನ ಮುಖ ನೋಡಿದ್ದೇ ಅವರು ಕೇಳುತ್ತಾರೆ, "ಇವತ್ತ ನಾ ಹ್ಯಾಂಗ ಸತ್ತೆ?"

ಅಂಥವಳು ಅವ್ವನನ್ನು ದೇಶ ತೋರಿಸಲು ಕರೆದುಕೊಂಡು ಹೋದೆ.

ಅವ್ವ ಇರುವುದು ಇಂಡಿ ಪಟ್ಟಣದ ಹತ್ತಿರದ ಹಳ್ಳಿಯಲ್ಲಿ, ನನ್ನ ತಮ್ಮನ ಸಂಸಾರದ ಜೊತೆ. ಮದುವೆಯಾಗಿ ಬಂದಾಗಿನಿಂದ ಲಿಂಬೆಯ ತೋಟದಲ್ಲೇ ಬದುಕಿದವಳು. ಅಪ್ಪ ಹೋದ ಮೇಲೂ ತೋಟ ಬಿಡಲಿಲ್ಲ. ನಾವು ಸಣ್ಣವರಿದ್ದಾಗ ಹಣ್ಣು ಆರಿಸಿ ಚೀಲ ತುಂಬಿ ಬಾಯಿ ಹೊಲಿದಿಟ್ಟರೆ ಸಂಜೆಗೆ ಲಾರಿ ಬರುತ್ತಿತ್ತು. ಅದಕ್ಕೆ 'ದಿಲ್ಲಿ ಗಾಡಿ' ಎಂದೇ ಹೆಸರು. ಅದು ದಿಲ್ಲಿ ಮುಟ್ಟುತ್ತಿತ್ತೋ ಸೊಲ್ಲಾಪುರದಲ್ಲೇ ನಿಲ್ಲುತ್ತಿತ್ತೋ, ನಮಗೇನು ಗೊತ್ತು? ಅವ್ವನಂತೂ ಪಂಢರಪುರದ ಆಚೆ ಏನನ್ನೂ ಕಂಡವಳಲ್ಲ.

ಅವಳದೊಂದು ನೇಮವಿದೆ. ಹೊರಟು ನಿಂತವರನ್ನು 'ಎಲ್ಲಿಗೆ' ಎಂದು ಕೇಳಬಾರದು. ನಮ್ಮ ಕಡೆ ಎಲ್ಲರೂ ಇದನ್ನು ಪಾಲಿಸುತ್ತಾರೆ, 'ದೂರ ಹೊಂಟೀರೇನು' ಎಂದು ಸುತ್ತಿ ಬಳಸಿ ಕೇಳುತ್ತಾರೆ. ಆದರೆ ಅವ್ವನಷ್ಟು ಹಟದಿಂದ ಪಾಲಿಸುವವರನ್ನು ನಾನು ನೋಡಿಲ್ಲ. ಯಾರಾದರೂ ಬಾಯಿ ತಪ್ಪಿ ಎಲ್ಲಿಗೆ ಅಂದರೆ ಮುಗಿಯಿತು, ಬಸ್ಸು ಕಣ್ಣೆದುರಿಗೆ ನಿಂತಿದ್ದರೂ ಅವಳು ಹತ್ತುವುದಿಲ್ಲ. ಹಿಂದಿರುಗಬೇಕು, ಕೂರಬೇಕು, ನೀರು ಕುಡಿಯಬೇಕು, ಆಮೇಲೆ ಹೊಸದಾಗಿ ಹೊರಡಬೇಕು. ಒಮ್ಮೆ ಬಸವನ ಬಾಗೇವಾಡಿಗೆ ಬಳಗದವರ ಮದುವೆಗೆ ಹೊರಟಾಗ ಓಣಿಯ ಮುದುಕನೊಬ್ಬ ಕೇಳಿಬಿಟ್ಟ. ಅವ್ವ ಮನೆಗೆ ಬಂದು ಕೂತು ನೀರು ಕುಡಿದು ಏಳುವಷ್ಟರಲ್ಲಿ ಬಸ್ಸು ಹೋಗಿತ್ತು. ನಾವು ಮದುವೆ ಮನೆ ಮುಟ್ಟಿದಾಗ ಅಕ್ಷತೆ ಬಿದ್ದು ಊಟದ ಪಂಕ್ತಿ ಏಳುತ್ತಿತ್ತು. ನಾನು ಸಿಟ್ಟಿನಿಂದ ಮುಖ ಊದಿಸಿಕೊಂಡಿದ್ದೆ. "ಆ ಬಸ್ಸಿಗಿ ಏನರೆ ಆಗಿದ್ರ?" ಎಂದಳು ಅವ್ವ. ಆ ಬಸ್ಸಿಗೆ ಏನೂ ಆಗಿರಲಿಲ್ಲ. ನನ್ನ ಅಂಜಿಕೆ ಯಾರ ಕಡೆಯಿಂದ ಬಂದದ್ದು ಎಂದು ಮನೆಯವರು ಕೇಳಿದಾಗಲೆಲ್ಲ ನಾನು ಈ ಕತೆ ಹೇಳುತ್ತೇನೆ.

ದಸರೆಯ ರಜೆ ಹತ್ತಿರ ಬಂದಾಗ ಈ ಹುಳ ಬಿಟ್ಟವರು ಮನೆಯವರೇ. "ಅತ್ತಿಯವ್ರು ಇನ್ನೂ ಗಟ್ಟಿ ಅದಾರ. ಈಗ ಕರ್ಕೊಂಡ್ ಹೋಗೂಣು. ದೇಶ ಅಂದ್ರ ಏನಂತ ಒಮ್ಮೆ ನೋಡ್ಲಿ."

ದೇಶವೆಂದರೆ ಸಣ್ಣದೇ? ಯಾವ ಕಲ್ಲು ಎತ್ತಿದರೂ ಅಡಿಯಲ್ಲೊಬ್ಬ ರಾಜ, ಯಾವ ನೀರಿಗೆ ಇಳಿದರೂ ಒಬ್ಬ ದೇವರು. ಇದ್ದ ರಜೆಯಲ್ಲಿ ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು? ಬೇರೆಯವರು ಚಂದ ನೋಡಿ ಆರಿಸುತ್ತಾರೆ. ನಾನು ಪ್ರತಿ ಜಾಗದಲ್ಲೂ ಅವ್ವನಿಗೆ ಏನೇನು ಆಗಬಹುದು ಎಂದು ನೋಡುತ್ತ ಆರಿಸಿದೆ. ಕೇದಾರ ಮೊದಲೇ ಹೋಯಿತು, ಗುಡ್ಡ ಕುಸಿಯುವ ವಿಡಿಯೊಗಳನ್ನು ನೋಡಿ ನೋಡಿ ನನಗೆ ಅನ್ನ ಸೇರದಂತಾಗಿತ್ತು. ಹರಿದ್ವಾರದಲ್ಲಿ ಜನ ಸರಪಳಿ ಹಿಡಿದುಕೊಂಡು ಮುಳುಗು ಹಾಕುವುದನ್ನು ಕಂಡೆ. ಸರಪಳಿ ಹಿಡಿದು ಮೀಯಬೇಕಾದ ನೀರಿಗೆ ಅವ್ವನನ್ನು ಯಾಕೆ ಇಳಿಸಲಿ, ನಮ್ಮ ಬೋರಿನ ನೀರಿಗೇನಾಗಿದೆ? ಜೈಪುರದ ಕೋಟೆಗೆ ಏರು ಹಾದಿ. ಎತ್ತರವೆಂದರೆ ನನಗಂತೂ ಸಣ್ಣಂದಿನಿಂದ ಆಗದು. ಶಾಲೆಯಿಂದ ವಿಜಾಪುರದ ಗೋಳಗುಮ್ಮಟಕ್ಕೆ ಕರೆದೊಯ್ದಾಗ ಮೇಲಿನ ಸುತ್ತುಗಟ್ಟೆಯಲ್ಲಿ ಕಾಲು ನಡುಗಿ ಕೂತುಬಿಟ್ಟಿದ್ದೆ. "ಅವ್ವಾ" ಎಂದು ಅತ್ತದ್ದು ಏಳು ಸಲ ನನಗೇ ವಾಪಸ್ಸು ಕೇಳಿಸಿ, ಮತ್ತಷ್ಟು ಗಾಬರಿಯಾಗಿ ಬಾಯಿ ಮುಚ್ಚಿಕೊಂಡಿದ್ದೆ.

ಕಾಶಿಯ ವಿಷಯಕ್ಕೆ ಮಾತ್ರ ಜಗಳವೇ ಆಯಿತು. ನಮ್ಮ ಶಾಲೆಯಲ್ಲಿ ಬಾಗೇವಾಡಿ ಕಡೆಯ ಹಿರಿಯ ಮೇಷ್ಟರೊಬ್ಬರಿದ್ದಾರೆ, ಸ್ಟಾಫ್ ರೂಮಿನಲ್ಲಿ ಎಲ್ಲರ ಸಂಸಾರಕ್ಕೂ ಸಲಹೆ ಕೊಡುವವರು. "ತಾಯಿನ್ನ ಕರ್ಕೊಂಡ್ ಹೋಗ್ತೇನಿ ಅಂತೀರಿ, ಕಾಶಿ ಬಿಡ್ತೇನಿ ಅಂತೀರಿ. ಇದೇನ್ ಮಾತ್ರಿ ಬಾಯಾರ?" ಎಂದರು. ಅವರಿಗೇನು ಹೇಳಲಿ? ಕಾಶಿಗೆ ಹೋದ ವಯಸ್ಸಾದವರು ಇಲ್ಲೇ ಇರುತ್ತೇನೆ ಅನ್ನುತ್ತಾರೆಂದು ಕೇಳಿದ್ದೆ. ಅವ್ವ ಆ ಮೆಟ್ಟಿಲ ಮೇಲೆ ಕೂತು ಹಾಗಂದುಬಿಟ್ಟರೆ ನಾನು ಎಬ್ಬಿಸುವುದು ಹೇಗೆ? ಕಾಶಿಯನ್ನೂ ತೆಗೆದೆ.

ಉಳಿದ ಪ್ರತಿ ಊರಿಗೂ ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂದು ಫೋನಿನಲ್ಲಿ ನೋಡುತ್ತ ಕೂತೆ. ಮನೆಯವರು ಹಿಂದಿನಿಂದ ಇಣುಕಿ, "ನೀ ನೋಡೂ ಜಾಗಾ ಆರಿಸಾಕತ್ತಿಯೋ, ಅತ್ತಿಯವ್ರಿಗಿ ದವಾಖಾನಿ ಆರಿಸಾಕತ್ತಿಯೋ?" ಎಂದರು. ಕೊನೆಗೆ ಉಳಿದದ್ದು ದಿಲ್ಲಿಯ ಕೆಂಪು ಕೋಟೆ, ಕುತುಬ್ ಮಿನಾರು, ಆಗ್ರಾದ ತಾಜಮಹಲು. ಎಲ್ಲವೂ ಸಪಾಟು ನೆಲ, ಹತ್ತುವಂಥದ್ದಿಲ್ಲ, ಮುಳುಗುವಂಥದ್ದಿಲ್ಲ. ಅವ್ವನಿಗೆ ಫೋನು ಮಾಡಿ ಹೇಳಿದೆ.

"ತಾಜಮಹಲ ಅಂದ್ರ ಗೋರಿ ಅಲ್ಲೇನ?" ಎಂದಳು. "ಗೋರಿ ನೋಡಾಕ ಅಷ್ಟು ದೂರ ಯಾಕ? ವಿಜಾಪುರದಾಗ ಗುಮ್ಮಟ ಐತೆಲ್ಲ."

"ಇದು ಭಾಳ ಚಂದ ಐತಂತವ್ವಾ. ಜಗತ್ತಿನ ಮಂದಿ ಬರ್ತಾರ."

"ಹೂಂ. ನಿಮಗ ಹ್ಯಾಂಗ ತಿಳೀತೈತಿ ಹಂಗ." ಆಮೇಲೆ ಕೇಳಿದಳು, "ದಿಲ್ಲಿ ಅಂದ್ರ ನಮ್ಮ ಗಾಡಿ ಹೋಗ್ತಾವಲ್ಲ, ಅದ ದಿಲ್ಲಿ ಹೌದಿಲ್ಲೊ?"

"ಅದ."

"ಆತು ಹಂಗಾರ."

ಸೊಲ್ಲಾಪುರದಲ್ಲಿ ರೈಲು ಹತ್ತಿದೆವು. ಅವ್ವ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಹೊಲ ನೋಡಿದಳು. ಯಾರದು ಬಿತ್ತಿದ್ದು ಚಲೋ ಎದ್ದಿದೆ, ಯಾರು ಹೊಲ ಪಾಳು ಬಿಟ್ಟಿದ್ದಾರೆ ಎಂದು ಗುರುತು ಪರಿಚಯವಿಲ್ಲದವರ ಲೆಕ್ಕವನ್ನೆಲ್ಲ ಹೇಳುತ್ತಿದ್ದಳು. ನಾನು ಮಾತ್ರ ಅವಳು ಬಾಗಿಲ ಕಡೆ ಹೋದಾಗಲೆಲ್ಲ ಹಿಂದೆ ಓಡಿದೆ.

ಮೊದಲ ದಿನ ಕೆಂಪು ಕೋಟೆ. ಅಷ್ಟು ಜನರನ್ನು ನೋಡಿದ್ದೇ ಅವ್ವನ ಇಳಕಲ್ ಸೀರೆಯ ಸೆರಗಿನ ತುದಿಯನ್ನು ನನ್ನ ಸೆರಗಿಗೆ ಗಂಟು ಹಾಕಿದೆ. ಅವ್ವ ಗಂಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ನಾ ಏನ್ ಆಕಳೇನು, ಕಟ್ಟಿ ಹಿಡಕೊಂಡ್ ಹೋಗಾಕ?" ಎಂದಳು. ಆದರೂ ಬಿಚ್ಚಲಿಲ್ಲ. ಹಾಗೇ ಗಂಟು ಹಾಕಿಕೊಂಡೇ ಕೋಟೆ ಸುತ್ತಿದೆವು. ಏನು ನೋಡಿದೆನೆಂದು ಕೇಳಿದರೆ ನನಗೆ ನೆನಪಾಗುವುದು ಆ ಗಂಟು ಒಂದೇ.

ಮರುದಿನ ಬೆಳಕು ಹರಿಯುವ ಹೊತ್ತು. ನಾವಿದ್ದದ್ದು ಹಳೆಯ ಬಜಾರದ ಒಂದು ಲಾಡ್ಜಿನಲ್ಲಿ, ಮೂವರೂ ಒಂದೇ ಕೋಣೆ. ನಾನು ಅರೆನಿದ್ದೆಯಲ್ಲಿದ್ದೆ. ಕಣ್ಣು ಬಿಟ್ಟಾಗ ಅವ್ವ ಮಿಂದು, ಹಣೆಗೆ ವಿಭೂತಿ ಹಚ್ಚಿಕೊಂಡು, ಬಾಗಿಲ ಚಿಲಕಕ್ಕೆ ಕೈ ಹಾಕಿದ್ದಳು. ಎಲ್ಲಿಗೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಸಣ್ಣಂದಿನಿಂದ ಬಿದ್ದ ರೂಢಿ, ನಿದ್ದೆಯಲ್ಲೂ ಕೆಲಸ ಮಾಡುತ್ತದೆ.

"ದೂರ ಹೊಂಟಿಯೇನವ್ವಾ?"

"ಇಲ್ಲೇ. ಹೋಗಿ ಬರ್ತೇನಿ."

ಹೊರಗಿನ ಪಡಸಾಲೆಯಲ್ಲಿ ಕುಡಿಯುವ ನೀರಿನ ಯಂತ್ರವಿತ್ತು. ಅಲ್ಲಿಗೇ ಇರಬೇಕೆಂದು ಮಗ್ಗುಲು ಬದಲಿಸಿದೆ.

ಎದ್ದಾಗ ಚಹಾ ಬಂದಿತ್ತು, ಅವ್ವ ಬಂದಿರಲಿಲ್ಲ. ಪಡಸಾಲೆಯಲ್ಲಿಲ್ಲ, ಮಾಳಿಗೆಯಲ್ಲಿಲ್ಲ, ಬಚ್ಚಲಲ್ಲಿಲ್ಲ. ಅವಳ ಕೀಪ್ಯಾಡ್ ಫೋನು ಗೋಡೆಯ ಚಾರ್ಜರಿಗೆ ನೇತಾಡುತ್ತಿತ್ತು. ಕೆಳಗೆ ಕೌಂಟರಿನವನನ್ನು ನನಗೆ ಬರುವ ಹಿಂದಿಯಲ್ಲಿ ಕೇಳಿದೆ. ಅಮ್ಮಾಜಿ ಹೊರಗೆ ಹೋದರು ಎಂದ. ಯಾವ ಕಡೆ ಎಂದರೆ "ಪೂಛಾ ನಹೀ" ಎಂದ. ಅವನೂ ಕೇಳಿರಲಿಲ್ಲ. ನಾನೇ ಕೇಳದಿದ್ದಾಗ ಅವನ್ಯಾಕೆ ಕೇಳಬೇಕು?

ಮನೆಯವರ ಮುಖದ ಬಣ್ಣ ಇಳಿದದ್ದನ್ನು ನಾನು ಅಂದೇ ಮೊದಲ ಸಲ ನೋಡಿದ್ದು. ನನ್ನ ಅಂಜಿಕೆಗೆ ಇಷ್ಟು ವರ್ಷ ನಗುತ್ತಿದ್ದವರು. ಅವರು ನಗದಿದ್ದದ್ದೇ ನನ್ನನ್ನು ಅರ್ಧ ಕೊಂದಿತು. "ನೀ ಆ ಕಡಿ ನೋಡು, ನಾ ಈ ಕಡಿ ನೋಡ್ತೇನಿ. ಫೋನ್ ಕೈಯಾಗ ಇಟ್ಕೊ" ಎಂದು ಬಲಕ್ಕೆ ಓಡಿದರು. ನಾನು ಎಡಕ್ಕೆ ಓಡಿದೆ.

ಅವ್ವನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಲಾಡ್ಜಿನ ಹೆಸರು ಓದಲಾರಳು. ಯಾರಾದರೂ ಕೈ ಹಿಡಿದು ಕರೆದುಕೊಂಡು ಹೋದರೆ ಹೋಗಿಬಿಡುತ್ತಾಳೆ, ಏಕೆಂದರೆ ಅವಳ ಹಳ್ಳಿಯಲ್ಲಿ ಕೈ ಹಿಡಿಯುವವರೆಲ್ಲ ಗುರುತಿನವರು. ನನಗೆ ಇಲ್ಲದ ಕಡೆಯೆಲ್ಲ ಅವಳು ಕಂಡಳು. ಗಟಾರದ ಪಕ್ಕ ಬಿದ್ದಿದ್ದ ಗೋಣಿಯನ್ನು ಕಂಡು ಎದೆ ನಿಂತಿತು. ತಿರುವಿನಲ್ಲಿ ಜನ ಗುಂಪುಗೂಡಿದ್ದರು. ನೂಕಿಕೊಂಡು ಒಳಗೆ ಹೋದರೆ ಅಲ್ಲಿ ಕಚೋರಿ ಕರಿಯುತ್ತಿದ್ದರು. "ಅವ್ವಾ, ಅವ್ವಾ" ಎಂದು ಕೂಗಿದೆ. ಯಾರೂ ತಿರುಗಲಿಲ್ಲ, ಆ ಊರಿನಲ್ಲಿ ಅದು ಯಾರನ್ನೂ ಕರೆಯುವ ಶಬ್ದವಲ್ಲ. ಗುಮ್ಮಟದಲ್ಲಿ ಒಮ್ಮೆ ಕೂಗಿದ್ದು ಏಳು ಸಲ ಬಂದಿತ್ತು. ಇಲ್ಲಿ ಎಷ್ಟು ಸಲ ಕೂಗಿದರೂ ಒಮ್ಮೆಯೂ ಏನೂ ಬರಲಿಲ್ಲ.

ಪೊಲೀಸನೊಬ್ಬ ಫೋಟೊ ತೋರಿಸು ಎಂದ. ಫೋನು ತೆಗೆದೆ. ಹಿಂದಿನ ದಿನದ ಫೋಟೊಗಳು ಬೇಕಾದಷ್ಟಿದ್ದವು. ಎಲ್ಲದರಲ್ಲೂ ಕೋಟೆ ಪೂರ್ತಿ ಬಂದಿತ್ತು. ಅವ್ವ ಒಂದರಲ್ಲಿ ಅರ್ಧ ಮುಖ, ಇನ್ನೊಂದರಲ್ಲಿ ಬೆನ್ನು. ಜಗತ್ತು ನೋಡುವ ಕೋಟೆಯನ್ನು ನಾನೂ ನೋಡಿದೆನೆಂದು ತೋರಿಸಲು ಅವಳನ್ನು ಮೂಲೆಗೆ ನಿಲ್ಲಿಸಿದ್ದೆ. ಪೊಲೀಸನ ಎದುರು ನನಗೆ ಅಳು ತಡೆಯಲಾಗಲಿಲ್ಲ. ಅವನು ಆ ಅರ್ಧ ಮುಖವನ್ನೇ ದೊಡ್ಡದು ಮಾಡಿ ನೋಡಿ, ಮುಂದಿನ ದೊಡ್ಡ ರಸ್ತೆಯ ಕಡೆ ಕೈ ಮಾಡಿದ. ಆ ಬಗೆಯ ಸೀರೆಯುಟ್ಟವರು ಅತ್ತ ಹೋದದ್ದನ್ನು ಕಂಡಿದ್ದನಂತೆ.

ದೊಡ್ಡ ರಸ್ತೆಗೆ ಬಂದೆ. ನಡುವೆ ಎದೆಯೆತ್ತರದ ಕಬ್ಬಿಣದ ಜಾಲರಿ, ಎರಡೂ ಕಡೆ ಬಿಡುವಿಲ್ಲದ ಗಾಡಿಗಳು. ಆಚೆಯ ದಂಡೆಯಲ್ಲಿ ಹಸಿರು ಸೀರೆ. ಬೆನ್ನೇ ಕಂಡರೂ ಅವ್ವನೆಂದು ಗೊತ್ತಾಯಿತು. ಒಂದು ಬ್ಯಾಟರಿ ರಿಕ್ಷಾದಲ್ಲಿ ಚೀಲಗಳ ಪಕ್ಕದ ಹಲಗೆಯ ಮೇಲೆ, ನಮ್ಮೂರ ಟಂಟಂ ಆಟೋದಲ್ಲಿ ಕೂತಂತೆ ಕಾಲು ಮಡಿಚಿ ಕೂರುತ್ತಿದ್ದಳು. ಚಾಲಕ ಬೀಡಿ ಎಸೆದು ಹ್ಯಾಂಡಲ್ಲು ಹಿಡಿದ.

"ಅವ್ವಾ" ಎಂದು ಕೂಗಿದ್ದು ಈ ಸಲ ಕೇಳಿಸಿತು. ತಿರುಗಿದಳು, ನನ್ನನ್ನು ನೋಡಿದಳು, ಇಂಡಿಯ ಬಸ್ಸಿನಲ್ಲಿ ಕೂತು ಕೈಯಾಡಿಸುವ ಹಾಗೆ ನಿಧಾನ ಕೈಯಾಡಿಸಿದಳು. ತುಟಿಯಲ್ಲಿ 'ಹೋಗಿ ಬರ್ತೇನಿ' ಕಂಡಿತು. ಕೈಮಾಡಿದೆ, ಇಳಿ ಇಳಿ ಎಂದೆ. ಆತು ಆತು ಎಂದು ತಲೆಯಾಡಿಸಿದಳು. ಗಾಡಿ ಮುಂದೆ ಸರಿಯತೊಡಗಿತು. ಜಾಲರಿ ಹತ್ತಲಾರೆ. ದಾಟುವ ಸೇತುವೆ ಎಲ್ಲೋ ದೂರದಲ್ಲಿ ಕಾಣುತ್ತಿತ್ತು. ಅದನ್ನು ಹತ್ತಿ ಇಳಿಯುವಷ್ಟರಲ್ಲಿ ಈ ಗಾಡಿ ಆ ಸಮುದ್ರದಂಥ ಊರಿನಲ್ಲಿ ಕರಗಿಹೋಗುತ್ತದೆ, ಮತ್ತೆ ಅವ್ವ ಎಂಬುವವಳು ನನಗಿರುವುದಿಲ್ಲ.

ಆಗ ನನ್ನ ಬಾಯಿಂದ ಬಂತು. ನಾನು ಯೋಚಿಸಿ ಅಂದದ್ದಲ್ಲ.

"ಎಲ್ಲಿಗಿ ಹೊಂಟಿಯವ್ವಾ?"

ಕೈಯಾಡಿಸುತ್ತಿದ್ದ ಕೈ ಅಲ್ಲೇ ನಿಂತಿತು. ಅಷ್ಟು ದೂರದಿಂದಲೂ ಅವಳ ಹುಬ್ಬು ಗಂಟಿಕ್ಕಿದ್ದು ಕಂಡಿತು. ಇನ್ನೊಮ್ಮೆ ಕೂಗಿದೆ, ಗಂಟಲು ಹರಿಯುವ ಹಾಗೆ. "ಎಲ್ಲಿಗಿ?"

ಅವ್ವ ಚಾಲಕನ ಬೆನ್ನಿಗೆ ಒಂದು ಬಡಿದಳು. ಗಾಡಿ ನಿಂತಿತು. ಇಳಿದಳು. ಫುಟ್‌ಪಾತಿನ ಸಿಮೆಂಟಿನ ಕಟ್ಟೆ ಹುಡುಕಿ, ಸೆರಗಿನಿಂದ ಧೂಳು ಜಾಡಿಸಿ, ಕೂತಳು.

ಸೇತುವೆ ಹೇಗೆ ದಾಟಿದೆನೋ ತಿಳಿಯದು. ಎತ್ತರವೆಂದರೆ ಆಗದವಳು ಅಂದು ಕೆಳಗೆ ನೋಡಲೇ ಇಲ್ಲ. ಅವಳ ಮುಂದೆ ಹೋಗಿ ನಿಂತೆ.

"ನೀರ್ ತಂದಿಯೇನು?" ಎಂದಳು ಅವ್ವ.

ಪಕ್ಕದ ಅಂಗಡಿಯಿಂದ ಬಾಟಲಿ ತಂದೆ. ಮೇಲಿನಿಂದ ಎತ್ತಿ ಕುಡಿದು, ಬಾಯಿ ಒರೆಸಿಕೊಂಡು, ಆಮೇಲೆ ಬೈಯಲು ಶುರುಮಾಡಿದಳು. "ಹೊಂಟವರಿಗಿ ಎಲ್ಲಿಗಿ ಅಂತಾರೇನ ಬುದ್ಧಿಗೇಡಿ? ಅದೂ ನಡು ರಸ್ತೆದಾಗ ನಿಂತು ಒದರಿ? ಸಾಲಿ ಕಲಿಸ್ತಾಳಂತ ಸಾಲಿ."

ನಾನು ಅವಳ ತೊಡೆಯ ಮೇಲೆ ಮುಖವಿಟ್ಟು ಅತ್ತೆ. ಸುತ್ತ ನಿಂತವರು ನೋಡಿದರೆ ನೋಡಲಿ. ನನ್ನ ಅಳು ಕಂಡು ಅವಳ ದನಿ ಇಳಿಯಿತು. "ಏನಾತೀಗ? ಬರ್ತಿದ್ನೆಲ್ಲ" ಎಂದು ತಲೆ ಸವರಿದಳು. ಅವಳ ಬೆರಳಿಗೆ ಲಿಂಬೆಯ ವಾಸನೆಯಿತ್ತು.

"ಎಲ್ಲಿಗಿ ಹೊಂಟಿದ್ದಿ ಹೇಳು ಮೊದಲ."

ಆ ಗಾಡಿಯ ಚೀಲಗಳ ಕಡೆ ತೋರಿಸಿದಳು. ಎಲ್ಲದರಲ್ಲೂ ಲಿಂಬೆಕಾಯಿ. ಹಿಂದಿನ ದಿನ ಲಾಡ್ಜಿನ ಕಿಟಕಿಯಿಂದ ಇಂಥದೇ ಗಾಡಿಯೊಂದನ್ನು ನೋಡಿದ್ದಳಂತೆ. ಬೆಳಿಗ್ಗೆ ಹುಡುಕಿಕೊಂಡು ಬಂದು, ಚೀಲಕ್ಕೊಮ್ಮೆ ದಾರಿಗೊಮ್ಮೆ ಬೆರಳು ಮಾಡಿ, ಇವು ಬರುವ ಸಂತೆಗೆ ನನ್ನನ್ನೂ ಕರೆದೊಯ್ಯಿ ಎಂದು ಅವನಿಗೆ ತಿಳಿಸಿದ್ದಳು. ಅವನೂ ಆಯಿತು ಅಂದಿದ್ದ. "ಜನ್ಮ ಪೂರ್ತಿ ಚೀಲ ಹೊಲದು ದಿಲ್ಲಿ ಗಾಡಿ ಹತ್ತಿಸೇನಿ. ಎಲ್ಲಿ ಇಳೀತಾವು, ಯಾರು ಇಳಿಸ್ಕೊಂತಾರ, ಒಮ್ಮೆ ನೋಡಬೇಕಂತಿತ್ತು."

"ಮನ್ಯಾಗಿದ್ದಾಗ ಹೇಳಬಾರದೇನವ್ವಾ?"

"ಊರಾಗಿಂದ ಇಲ್ಲಿತನಕ ಯಾರರೆ ನನಗ ಎಲ್ಲಿಗಿ ಹೋಗೂಣು ಅಂತ ಕೇಳೀರೇನು?"

"ಎಲ್ಲಿಗಿ ಅಂತ ಕೇಳಬಾರದಂತ ನೀನ ಕಲಿಸಿದ್ದೆಲ್ಲ."

"ಅದು ಹೊಂಟು ನಿಂತ ಮ್ಯಾಲ. ಹೊಂಡೂಕಿಂತ ಮೊದಲ ಕೇಳಾಕ ನಿಮಗೇನ್ ಧಾಡಿ?"

ಮನೆಯವರಿಗೆ ಫೋನು ಮಾಡಿದೆ, ಏದುಸಿರು ಬಿಡುತ್ತ ಬಂದರು. ಅತ್ತೆಯನ್ನು ನೋಡಿದವರೇ ಆ ಕಟ್ಟೆಯ ಮೇಲೆ ಕುಸಿದು ಕೂತು, ಉಳಿದ ನೀರನ್ನೆಲ್ಲ ಒಂದೇ ಗುಟುಕಿಗೆ ಕುಡಿದರು. ವಿಷಯವನ್ನೆಲ್ಲ ಕೇಳಿಸಿಕೊಂಡರು. ಆಮೇಲೆ, "ಕುತುಬ್ ಮಿನಾರ ಎಲ್ಲಿ ಓಡಿ ಹೋಗ್ತೈತಿ. ಬರ್ರಿ ಅತ್ತಿ, ನಿಮ್ಮ ಸಂತಿ ನೋಡೂಣು" ಎಂದರು.

ಆ ಮಾರುಕಟ್ಟೆಯಲ್ಲಿ ನಾನು ಪಟ್ಟ ಅಂಜಿಕೆ ಕೇದಾರದಲ್ಲೂ ಪಡುತ್ತಿರಲಿಲ್ಲ. ಹಿಂದಕ್ಕೆ ಬರುವ ಲಾರಿಗಳು, ತಲೆಯ ಮೇಲೆ ಮೂಟೆ ಹೊತ್ತು ಓಡುವ ಹಮಾಲರು, ಕಾಲಡಿಯ ಕೆಸರು. ಅವ್ವನ ತೋಳು ಹಿಡಿದು ಕಣ್ಣು ಮುಚ್ಚಿ ತೆರೆದು ಮಾಡಿದೆ. ಅವಳು ಲಿಂಬೆಯ ರಾಶಿಗಳ ನಡುವೆ ಮದುವೆ ಮನೆಗೆ ಬಂದ ಬೀಗತಿಯ ಗತ್ತಿನಲ್ಲಿ ನಡೆದಳು. ಚೀಲದ ಹೊಲಿಗೆ ಮುಟ್ಟಿ ನೋಡಿದಳು. ಒಂದು ಕಾಯಿ ಎತ್ತಿ ಉಗುರಿನಿಂದ ಗೀರಿ ಮೂಸಿದಳು. ನಮ್ಮ ಕಡೆಯದೇನವ್ವಾ ಎಂದೆ. "ಯಾರಿಗಿ ಗೊತ್ತ" ಎಂದಳು, "ಆದ್ರ ಜಾಗಾ ದೊಡ್ಡದೈತಿ." ಅಲ್ಲಿಯ ವ್ಯಾಪಾರಿಯೊಬ್ಬ ಕೊಟ್ಟ ಚಹಾ ಕುಡಿದು, ಅವನಿಗೆ ಕನ್ನಡದಲ್ಲೇ ಮನೆ ಮಕ್ಕಳ ಸುಖದುಃಖ ವಿಚಾರಿಸಿದಳು. ಅವನು ಹಿಂದಿಯಲ್ಲಿ ಉತ್ತರ ಕೊಟ್ಟ. ಅಲ್ಲಿ ಅವಳ ಫೋಟೊ ತೆಗೆದೆ, ಪೂರ್ತಿ ಮುಖ ಬರುವ ಹಾಗೆ.

ತಾಜಮಹಲನ್ನೂ ನೋಡಿದೆವು. ಅವ್ವ ಬಹಳ ಹೊತ್ತು ನಿಂತು ನೋಡಿ, ಚಂದವಿದೆ ಎಂದು ಒಪ್ಪಿಕೊಂಡಳು. ಗುಮ್ಮಟ ಮಾತ್ರ ನಮ್ಮದೇ ದೊಡ್ಡದು ಎಂದು ರೈಲು ಹತ್ತುವ ತನಕ ವಾದಿಸಿದಳು.

ಈ ಬೇಸಿಗೆಯಲ್ಲಿ ಅವ್ವನಿಗೆ ಉಸಿರಿನ ತೊಂದರೆಯಾಗಿ ವಿಜಾಪುರದ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ನನ್ನ ತಮ್ಮನನ್ನು ಹೊರಗೆ ಕರೆದು ಮಾತಾಡಿದರು. ತಮ್ಮ ಒಳಗೆ ಬಂದು ನನ್ನ ಮುಖ ನೋಡಲಿಲ್ಲ. ಜೀವನಪೂರ್ತಿ ಸುಳ್ಳುಸುಳ್ಳೇ ಅಂಜುತ್ತ ಬಂದವಳಿಗೆ ಖರೆ ಅಂಜಿಕೆ ಹೇಗಿರುತ್ತದೆಂದು ಆ ಹೊತ್ತು ತಿಳಿಯಿತು. ಅದಕ್ಕೆ ಓಡಾಡುವ ಶಕ್ತಿಯೂ ಇರುವುದಿಲ್ಲ, ಸ್ಟೂಲಿನ ಮೇಲೆ ಸುಮ್ಮನೆ ಕೂರಿಸಿಬಿಡುತ್ತದೆ.

ಮಧ್ಯಾಹ್ನ, ಊಟದ ಹೊತ್ತು. ತಮ್ಮ ಔಷಧಿ ತರಲು ಕೆಳಗಿಳಿದಿದ್ದ. ಅವ್ವ ಕಣ್ಣು ಮುಚ್ಚಿಕೊಂಡೇ ನನ್ನ ಕೈ ತಡವಿದಳು. ಬಾಗಿದೆ. ಕಿವಿಯ ಹತ್ತಿರ, ಊರಿನ ಕಟ್ಟೆಯ ಮೇಲಿನಿಂದ ಎದ್ದು ಹೊರಡುವವಳ ದನಿಯಲ್ಲಿ ಅಂದಳು, "ನಾ ಬರ್ತೇನಿನ್ನ."

ಎದ್ದು ನರ್ಸನ್ನು ಕರೆಯಬೇಕಿತ್ತು. ನನಗೆ ಕಾಲು ಬರಲಿಲ್ಲ, ಬಾಯಿ ಮಾತ್ರ ಬಂತು.

"ಎಲ್ಲಿಗಿ ಅವ್ವಾ?"

ಅವಳು ಅಲ್ಲಾಡಲಿಲ್ಲ. ನಾನು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಕೇಳಿದೆ, ಮತ್ತೆ ಕೇಳಿದೆ. ಪಕ್ಕದ ಹಾಸಿಗೆಯವರು ನನ್ನತ್ತ ತಿರುಗಿ ನೋಡುತ್ತಿದ್ದರು. ಬಹಳ ಹೊತ್ತಾದ ಮೇಲೆ ಅವ್ವನ ಹುಬ್ಬು ನಿಧಾನ ಗಂಟಿಕ್ಕಿತು. ಕಣ್ಣು ಬಿಟ್ಟು ನನ್ನನ್ನು ಸಿಟ್ಟಿನಿಂದ ನೋಡಿದಳು.

"ಬುದ್ಧಿಗೇಡಿ" ಎಂದಳು. "ನೀರ್ ಕೊಡು."